ಫ್ಯಾನಿಗೆ ಎಷ್ಟು ಚಿನ್ನ ಸಿಕ್ತು?

ಮೊದಲು ಉತ್ತರ ಹೇಳಿಬಿಡುತ್ತೇನೆ. ಸ್ವಲ್ಪ ಸಿಕ್ಕಿತು. ಶ್ರೀಮಂತಳಾಗುವಷ್ಟು ಸಿಗಲಿಲ್ಲ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

2019ರಲ್ಲಿ ತಂಗಿಯ ಜೊತೆ ಅಲಾಸ್ಕಾ ನೋಡಲು ಹೋಗಿದ್ದೆ. ಡೆನಾಲಿ ನ್ಯಾಷನಲ್ ಪಾರ್ಕಿನೊಳಗೆ ಆಗ ಬಸ್ಸಿನಲ್ಲಿ 92 ಮೈಲಿ ಹೋದೆವು. ರಸ್ತೆ ಮುಗಿಯುವ ಹತ್ತಿರ ಕಾಂಟಿಷ್ನಾ ಅಂತ ಒಂದು ಜಾಗ. ಅಲ್ಲಿ ಫ್ಯಾನಿ ಕ್ವಿಗ್ಲಿ ಎಂಬ ಹೆಂಗಸಿನ ಪುಟ್ಟ ಮನೆ ಇನ್ನೂ ನಿಂತಿದೆ. ಅದನ್ನು ನೋಡಿ ಬಂದಾಗಿನಿಂದ ಸಿಕ್ಕವರಿಗೆಲ್ಲ ಅವಳ ಕಥೆ ಹೇಳುತ್ತೇನೆ. ಕೇಳಿದವರೆಲ್ಲ ಕೊನೆಗೆ ಕೇಳುವುದು ಇದೊಂದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಬಂಗಾರಪೇಟೆಯಲ್ಲಿ ದೊಡ್ಡಪ್ಪನ ಮಗನ ಗೃಹಪ್ರವೇಶ. ಪಂಕ್ತಿಯಲ್ಲಿ ಕೂತಿದ್ದೆವು, ಒಬ್ಬಟ್ಟು ಬಡಿಸುತ್ತಿದ್ದರು. ಅಲಾಸ್ಕಾದಲ್ಲಿ ಏನು ನೋಡಿದೆ ಅಂತ ಯಾರೋ ಕೇಳಿದರು. ನಾನು ಶುರು ಮಾಡಿದೆ. 1870ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಹುಟ್ಟಿದವಳು. ಅಪ್ಪ ಅಮ್ಮ ಯುರೋಪಿನ ಬೊಹೀಮಿಯಾದಿಂದ ಬಂದ ರೈತರು. ಆಗ ಅಲ್ಲಿ 1862ರ ಹೋಮ್‌ಸ್ಟೆಡ್ ಕಾನೂನಿನ ಕಾಲ. ಐದು ವರ್ಷ ನೆಲದ ಮೇಲೇ ಇದ್ದು ಉಳುಮೆ ಮಾಡಿ ತೋರಿಸಿದರೆ ಸರ್ಕಾರ 160 ಎಕರೆವರೆಗೆ ಬರೆದುಕೊಡುತ್ತಿತ್ತು. ಅಂಥ ಬಡ ರೈತರ ಮನೆಯಿಂದ ಹೊರಟ ಹುಡುಗಿ 1898ರಲ್ಲಿ, ಚಿನ್ನಕ್ಕಾಗಿ ಜನ ನುಗ್ಗುತ್ತಿದ್ದ ಕೆನಡಾದ ಕ್ಲೋಂಡೈಕ್ ಸೇರಿದಳು. ಎತ್ತರ ಐದಡಿಯ ಆಸುಪಾಸು. ಎಲ್ಲಿ ಹೊಸದಾಗಿ ಚಿನ್ನ ಸಿಕ್ಕಿತು ಅಂತ ಸುದ್ದಿ ಬಂದರೂ ಒಲೆ, ಗುಡಾರ ಜಾರುಬಂಡಿಗೆ ಹೇರಿಕೊಂಡು ಹೊರಟೇಬಿಡುತ್ತಿದ್ದಳು. ಅಲ್ಲಿ ‘ಊಟ ಸಿಗುತ್ತದೆ’ ಅಂತ ಬೋರ್ಡು ಹಾಕುತ್ತಿದ್ದಳು. ಹೀಗೆ ನಡೆದೂ ನಡೆದೂ ‘ಫ್ಯಾನಿ ದ ಹೈಕ್’ ಅಂತ ಹೆಸರೇ ಬಿತ್ತು.

ಇಷ್ಟು ಹೇಳುವಷ್ಟರಲ್ಲಿ ದೊಡ್ಡಪ್ಪ ತಲೆಯೆತ್ತಿ, "ಅದೆಲ್ಲ ಸರಿ ಕಣಮ್ಮಾ, ಎಷ್ಟು ತೊಲ ಸಿಕ್ತು ಆಕೆಗೆ?" ಅಂದರು. ಪಂಕ್ತಿಯೆಲ್ಲ ನಕ್ಕಿತು. ಪಕ್ಕದವರು ಇವತ್ತು ಗ್ರಾಂ ಎಷ್ಟು ಅಂದರು. ಮಾತು ಅಲ್ಲಿಂದ ಆಭರಣದ ಅಂಗಡಿಗೆ, ವೇಸ್ಟೇಜಿಗೆ, ಯಾರದೋ ಮಗಳ ಮದುವೆಗೆ ಹೋಯಿತು. ಫ್ಯಾನಿ ಹಿಮದಲ್ಲೇ ಉಳಿದಳು.

ನನಗೆ ಸಿಟ್ಟು ಬಂದಿದ್ದು ನಿಜ. ನಮ್ಮ ಕಡೆಯವರು ಚಿನ್ನದ ಬಗ್ಗೆ ಕೇಳುವುದರಲ್ಲಿ ತಪ್ಪಿಲ್ಲ. ಕೆ.ಜಿ.ಎಫ್ ಪಕ್ಕದಲ್ಲೇ ಬೆಳೆದವರು ನಾವು. ಸಿಟ್ಟು ಬರುವುದು ಆ ‘ಸಿಕ್ತಾ’ ಅನ್ನುವ ಮಾತಿಗೆ. ಸಿಕ್ಕಿದ್ದರೆ ಜಾಣೆ, ಸಿಗದಿದ್ದರೆ ಸುಮ್ನೆ ಹೋಗಿದ್ದಳು ಅಂತ ಲೆಕ್ಕ, ಅಲ್ವಾ? 2001ರಲ್ಲಿ ನಮ್ಮ ಗಣಿ ಮುಚ್ಚಿತು. ಇವತ್ತಿಗೂ ಬೆಳಗಿನ ಕತ್ತಲಲ್ಲೇ ಎದ್ದು ಬೆಂಗಳೂರಿನ ಕೆಲಸಕ್ಕೆ ರೈಲು ಹಿಡಿಯುವವರು ಅಲ್ಲಿ ಎಷ್ಟು ಜನ! ಅವರನ್ನು ನಿಲ್ಲಿಸಿ ಎಷ್ಟು ತೊಲ ಸಿಕ್ತು ಅಂತ ಯಾರಾದರೂ ಕೇಳುತ್ತಾರಾ?

ಕಾಂಟಿಷ್ನಾದಲ್ಲಿ 1905ರಲ್ಲಿ ಚಿನ್ನ ಕಂಡಿತು. ಸಾವಿರಾರು ಜನ ನುಗ್ಗಿದರು. ಚಿನ್ನ ಇದ್ದಿದ್ದು ಕೆಲವೇ ತೊರೆಗಳಲ್ಲಿ, ಅವನ್ನು ಮೊದಲು ಬಂದವರೇ ಹಿಡಿದಿದ್ದರು. ವರ್ಷ ತಿರುಗುವಷ್ಟರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಗಂಟುಮೂಟೆ ಕಟ್ಟಿದರು. ಫ್ಯಾನಿ ಬಂದಿದ್ದು 1906ರಲ್ಲಿ, ಜನ ಖಾಲಿಯಾಗುತ್ತಿದ್ದಾಗ. ಅವಳು ಹೋಗಲಿಲ್ಲ. ತನ್ನ ಹೆಸರಲ್ಲೇ ಗಣಿ ಜಾಗಗಳಿಗೆ ಗೂಟ ಹೊಡೆದಳು. ಮುಂದೆ ಗಂಡನಾದ ಜೋ ಕ್ವಿಗ್ಲಿಯ ಜೊತೆ ಗುಡ್ಡ ಕೊರೆದಳು. ಬೆಳ್ಳಿಯ ಅದಿರೂ ಸಿಕ್ಕಿತು. ಆದರೆ ರಸ್ತೆಯಿಲ್ಲದ ಜಾಗ. ಚಳಿಗಾಲದಲ್ಲಿ ಅದಿರನ್ನು ಜಾರುಬಂಡಿಯಲ್ಲಿ ನದಿಯವರೆಗೆ ಎಳೆಸಬೇಕು, ಮಂಜು ಕರಗಿದ ಮೇಲೆ ದೋಣಿಗೆ ಹಾಕಬೇಕು. ಬಂದ ದುಡ್ಡನ್ನು ಸಾಗಾಣಿಕೆಯೇ ನುಂಗುತ್ತಿತ್ತು. ಚಿನ್ನದ ವಿಷಯ ಇಷ್ಟೇ. ಇದರ ಮೇಲೆ ಕೇಳಬೇಡಿ.

ನಾವು ಯಾರೇ ಸಿಕ್ಕರೂ ಮೊದಲು ಕೇಳುವುದು "ಊಟ ಆಯ್ತಾ?" ಅಂತ. ಫ್ಯಾನಿಯ ವಿಷಯದಲ್ಲಿ ಮಾತ್ರ ಅದನ್ನು ಯಾಕೆ ಯಾರೂ ಕೇಳುವುದಿಲ್ಲ? ಅಂಗಡಿಯಿಲ್ಲ. ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಮ. ಅಲ್ಲಿ ಸುಮಾರು 38 ವರ್ಷ ಏನು ತಿಂದು ಬದುಕಿದಳು? ನನ್ನನ್ನು ಕೇಳಬೇಕಾಗಿದ್ದು ಇದು.

ಅಲ್ಲಿ ಬೇಸಿಗೆ ಅಂದರೆ ಎರಡು ಮೂರು ತಿಂಗಳು. ಜೂನಿನಲ್ಲಿ ದಿನಕ್ಕೆ 20 ಗಂಟೆ ಬೆಳಕು. ಅಷ್ಟರೊಳಗೆ ಅವಳು ತರಕಾರಿ ಬೆಳೆದುಕೊಳ್ಳುತ್ತಿದ್ದಳು. ಗುಡ್ಡದಲ್ಲಿ ಬ್ಲೂಬೆರಿ ಕಿತ್ತು ತುಂಬಿಡುತ್ತಿದ್ದಳು. ಬಂದೂಕು ಹಿಡಿದು ತಾನೇ ಬೇಟೆಗೆ ಹೋಗುತ್ತಿದ್ದಳು: ಕ್ಯಾರಿಬೂ, ಮೂಸ್ ಎಂಬ ದೊಡ್ಡ ಜಿಂಕೆಗಳು, ಬೆಟ್ಟದ ಕುರಿ, ಕರಡಿ. ಕೆಡವಿದ್ದನ್ನು ಕತ್ತರಿಸಿ ಮನೆಗೆ ಹೊತ್ತು ತರುತ್ತಿದ್ದವಳೂ ಅವಳೇ.

ಅಷ್ಟೊಂದು ಮಾಂಸ ಎಲ್ಲಿಡುವುದು? ಇದು ನನಗೆ ತುಂಬ ಇಷ್ಟದ ವಿಷಯ. ಅಲ್ಲಿನ ನೆಲ ಒಳಗೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಅದಿರಿಗೆ ಅಂತ ಕೊರೆದ ಸುರಂಗ ಅವಳ ಕೈಯಲ್ಲಿ ಉಗ್ರಾಣವಾಯಿತು. ಹೊರಗೆ ಜುಲೈ ತಿಂಗಳ ಬಿಸಿಲು, ಒಳಗೆ ಕಲ್ಲಿನಂತೆ ಗಟ್ಟಿಯಾದ ಮಾಂಸ. ಮಲೆಯಲ್ಲಿ ದಾರಿ ತಪ್ಪಿ ಬಂದವನಿಗೂ, ಡೆನಾಲಿ ಶಿಖರ ಹತ್ತಲು ಬಂದವರಿಗೂ ಅವಳ ಮೇಜಿನ ಮೇಲೆ ಊಟ ಇರುತ್ತಿತ್ತು. ಕೊನೆಯಲ್ಲಿ ಬ್ಲೂಬೆರಿ ಪೈ. ಅದರ ಹಿಟ್ಟಿಗೆ ಬೆಣ್ಣೆಯ ಬದಲು ಕರಗಿಸಿದ ಕರಡಿ ಕೊಬ್ಬು. ಆ ಪೈ ತಿಂದವರು ದೂರದೂರಿಗೆ ಹೋಗಿ ಹೇಳಿಕೊಂಡರು.

ಇನ್ನೊಂದು ಮಾತನ್ನೂ ನಾನು ಬಿಡುವುದಿಲ್ಲ. ‘ಯಾರೂ ಇಲ್ಲದ ಕಾಡು’ ಅಂತ ಜನ ಹೇಳುತ್ತಾರಲ್ಲ, ಅದು ಸುಳ್ಳು. ಡೆನಾಲಿ ಎಂಬ ಹೆಸರೇ ಅಲ್ಲಿನ ಮೂಲನಿವಾಸಿಗಳಾದ ಕೊಯುಕಾನ್ ಜನರದ್ದು. ಅವರು ಅಲ್ಲಿ ತಲೆತಲಾಂತರದಿಂದ ಬೇಟೆಯಾಡಿಕೊಂಡಿದ್ದರು. ನೆಬ್ರಾಸ್ಕಾದ ಹೊಲಗಳಿಗೂ ಮೊದಲು ಬೇರೆಯವರು ಇದ್ದರು. ಫ್ಯಾನಿಯ ಮೇಲಿನ ಪ್ರೀತಿಗೆ ಅದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ.

ಆಮೇಲೆ "ಗಂಡ?" ಅಂತ ಕೇಳುತ್ತಾರೆ. ಗಣಿಯಲ್ಲಿ ಜೋಗೆ ದೊಡ್ಡ ಪೆಟ್ಟಾಯಿತು. 1937ರಲ್ಲಿ ಇಬ್ಬರೂ ಬೇರೆಯಾದರು. ಜೋ ಹೊರಟುಹೋದ, ಅವಳು ಉಳಿದಳು. "ಪಾಪ, ಒಬ್ಬಳೇ ಯಾಕೆ?" ಅನ್ನಬೇಡಿ. ತೋಟ ಅಲ್ಲಿತ್ತು, ಬೆರಿ ಗುಡ್ಡ ಅಲ್ಲಿತ್ತು. 1944ರ ಬೇಸಿಗೆಯಲ್ಲಿ, ತನ್ನ ಮನೆಯಲ್ಲೇ ತೀರಿಕೊಂಡಳು.

ಅವತ್ತು ಊಟ ಮುಗಿಸಿ ಕೈ ತೊಳೆಯಲು ಎದ್ದೆ. ದೊಡ್ಡಪ್ಪನ ಮೊಮ್ಮಗಳು ಹಿಂದೆಯೇ ಬಂದಳು. ಒಂಬತ್ತು ವರ್ಷದ ಹುಡುಗಿ, ಪಂಕ್ತಿಯಲ್ಲಿ ನನ್ನೆದುರೇ ಕೂತಿದ್ದವಳು. ನಲ್ಲಿ ಬಿಡುತ್ತಾ ಕೇಳಿದಳು, "ಅತ್ತೆ, ಚಳಿಗಾಲದಲ್ಲಿ ಅವರು ಏನು ತಿಂತಿದ್ರು?" ಹಿತ್ತಲ ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದೆ. ಕರಡಿ ಕೊಬ್ಬು ಅಂದಾಗ ಮೂಗು ಮುರಿದಳು.

"ವಾಸನೆ ಬರಲ್ವಾ?"

"ಮೀನು ತಿಂದ ಕರಡಿಯದು ಬರುತ್ತೆ ಪುಟ್ಟಿ. ಬೆರಿ ತಿಂದು ಕೊಬ್ಬಿದ ಕರಡಿಯದು ಬರಲ್ಲ. ಅವಳಿಗೆ ಅದು ಗೊತ್ತಿತ್ತು."

ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಆಮೇಲೆ, "ಅದು ಏನು ತಿಂದಿದೆ ಅಂತ ಹೆಂಗೆ ಕಂಡುಹಿಡೀತಿದ್ರು?" ಅಂದಳು.