ಎಳ್ಳುಂಡಿಗೆ ಮೂರು ಮನೆ

ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಕಳೆದ ಶ್ರಾವಣದಲ್ಲಿ ಗದಗಿನ ನಮ್ಮ ಮನೆಗೆ ಇಬ್ಬರು ಅಕ್ಕಂದಿರೂ ಒಬ್ಬ ತಂಗಿಯೂ ತಮ್ಮ ಐವರು ಮಕ್ಕಳೊಂದಿಗೆ ಬರುವವರಿದ್ದರು. ದೊಡ್ಡಕ್ಕ ಹಾವೇರಿಯಿಂದ, ಸಣ್ಣಕ್ಕ ಪುಣೆಯಿಂದ, ತಂಗಿ ಬೆಂಗಳೂರಿನಿಂದ. ಹಿಂದಿನ ವರ್ಷ ಮಕ್ಕಳೆಲ್ಲ ಮೂರು ದಿನವೂ ಮೂಲೆಮೂಲೆಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದರು. ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಹೆಚ್ಚುಹೊತ್ತು ಖಾಲಿಯಾಗಿಯೇ ತೂಗುತ್ತಿತ್ತು. ಅದಕ್ಕಿಂತಲೂ ನನಗೆ ನೋವಾದದ್ದು, ತಾಟಿನಲ್ಲಿದ್ದ ತಿನಿಸುಗಳ ಹೆಸರು ಅವರಿಗೆ ಗೊತ್ತಿರಲಿಲ್ಲ ಎಂಬುದು. ತಂಬಿಟ್ಟು, ಅಳ್ಳಿಟ್ಟು, ಚಿಗಳಿ ಎಲ್ಲವೂ ಅವರ ಬಾಯಲ್ಲಿ ‘ಸ್ವೀಟ್’ ಆಗಿದ್ದವು. ಈ ಸಲ ಆ ಹೆಸರುಗಳನ್ನೇ ಅಕ್ಷರಗಳ ಚೌಕದಲ್ಲಿ ಅಡಗಿಸಿ, ಹುಡುಕಿ ಗೆರೆ ಎಳೆಯುವ ಆಟವೊಂದನ್ನು ಮನೆಯ ಕಂಪ್ಯೂಟರಿನಲ್ಲಿ ತಯಾರಿಸಿ ಮಕ್ಕಳ ಕೈಗೆ ಕೊಡಬೇಕೆಂದು ನಿಶ್ಚಯಿಸಿದೆ.

ನಾನು ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಎಕ್ಸೆಲ್ ನನಗೆ ದಿನವಿಡೀ ಕೈಗೂಡಿದ ಸಾಧನ. ಆದರೂ ಮೊದಲು ಸುಲಭದ ದಾರಿ ಹಿಡಿದೆ. ಪದಗಳನ್ನು ಕೊಟ್ಟರೆ ತಾನೇ ಚೌಕ ಕಟ್ಟಿಕೊಡುವ ಜಾಲತಾಣವೊಂದನ್ನು ತೆರೆದು, ಪರೀಕ್ಷೆಗೆಂದು ನಮ್ಮ ಊರಿನ ಹೆಸರನ್ನು ಬರೆದೆ. ಗ, ದ, ಗ ಎಂದು ಮೂರು ಮನೆಗಳಲ್ಲಿ ಅಚ್ಚುಕಟ್ಟಾಗಿ ಕುಳಿತವು. ಹಿಂದಿನಿಂದ ಓದಿದರೂ ಗದಗ, ಮುಂದಿನಿಂದ ಓದಿದರೂ ಗದಗ. ಸಂತೋಷವಾಯಿತು; ಹಬ್ಬದ ಪದಗಳನ್ನೆಲ್ಲ ಒಮ್ಮೆಗೇ ಸೇರಿಸಿದೆ.

ಬಂದ ಚೌಕವನ್ನು ನೋಡಿ ಎದೆ ಧಸಕ್ಕೆಂದಿತು. ಎಳ್ಳುಂಡಿ ಎಂಬ ಪದ ಎಂಟು ಮನೆಗಳಿಗೆ ಚದುರಿಹೋಗಿತ್ತು. ಒಂದು ಮನೆಯಲ್ಲಿ ‘ಎ’, ಮುಂದಿನದರಲ್ಲಿ ‘ಳ’, ಅದರ ಮುಂದೆ ಚುಕ್ಕಿಚುಕ್ಕಿಯ ಬಳೆಯೊಂದಕ್ಕೆ ಅಂಟಿಕೊಂಡ ಹಲಂತದ ಗುರುತು, ಮತ್ತೆ ‘ಳ’, ಮತ್ತೊಂದು ಬಳೆಗೆ ಕೊಂಬು, ಇನ್ನೊಂದಕ್ಕೆ ಸೊನ್ನೆ, ಆಮೇಲೆ ‘ಡ’, ಕೊನೆಗೆ ಒಂಟಿ ಗುಡಿಸು. ಅಕ್ಷರದ ಮೈಯಿಂದ ಕೈಕಾಲು ಬಿಡಿಸಿ ಸಾಲಾಗಿ ಇಟ್ಟಂತಿತ್ತು.

ಕಾರಣವನ್ನು ಎಕ್ಸೆಲ್‌ನಲ್ಲಿಯೇ ಕಂಡುಕೊಂಡೆ. ಪದದ ಉದ್ದ ಅಳೆಯುವ ಸೂತ್ರಕ್ಕೆ ಗದಗ ಕೊಟ್ಟರೆ 3 ಎಂಬ ಉತ್ತರ ಬಂತು. ಹುಬ್ಬಳ್ಳಿ ಕೊಟ್ಟರೆ 9, ಎಳ್ಳುಂಡಿ ಕೊಟ್ಟರೆ 8. ಬರಹದ ಚಿಹ್ನೆಗಳಿಗೆ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆಂದು 128 ಸ್ಥಾನಗಳ ಒಂದು ವಿಭಾಗವಿದೆ. ಅದರಲ್ಲಿ ಸ್ವರ, ವ್ಯಂಜನ, ಸ್ವರಚಿಹ್ನೆ, ಹಲಂತ, ಅನುಸ್ವಾರಗಳಿಗೆ ಬೇರೆಬೇರೆ ಸಂಖ್ಯೆಗಳಿವೆಯೇ ಹೊರತು ಒತ್ತಕ್ಷರಗಳಿಗೆ ಸ್ವಂತ ಸ್ಥಾನವಿಲ್ಲ. ‘ಳ್ಳುಂ’ ಎಂಬುದು ಕಣ್ಣಿಗೆ ಒಂದೇ ಅಕ್ಷರವಾದರೂ ಯಂತ್ರದ ಹೊಟ್ಟೆಯಲ್ಲಿ ಐದು ತುಂಡು. ಅಳಿಸುವ ಕೀಲಿಯನ್ನು ನಿಧಾನವಾಗಿ ಒತ್ತುತ್ತ ಹೋದರೆ ಇದು ಕಣ್ಣೆದುರಿಗೇ ಕಾಣುತ್ತದೆ: ಮೊದಲು ಸೊನ್ನೆ ಹೋಗುತ್ತದೆ, ಆಮೇಲೆ ಕೊಂಬು, ಆಮೇಲೆ ಕೆಳಗಿನ ಒತ್ತು ಕಳಚಿ ‘ಳ್’ ಉಳಿಯುತ್ತದೆ. ಗದಗ ಎಂಬ ಹೆಸರಿನಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. ಅದಕ್ಕಾಗಿಯೇ ಅದು ಪರೀಕ್ಷೆಯಲ್ಲಿ ಪಾರಾಗಿತ್ತು.

ಈ ಆಟ ಹೆಸರು ಮಾಡಿದ್ದು ಇಪ್ಪತ್ತಾರು ಅಕ್ಷರಗಳ ಭಾಷೆಯಲ್ಲಿ ಎಂಬುದನ್ನು ನೆನೆದರೆ ಜಾಲತಾಣದ ತಪ್ಪು ಅರ್ಥವಾಗುತ್ತದೆ. ಅಮೆರಿಕದ ಓಕ್ಲಹೋಮಾ ರಾಜ್ಯದ ನಾರ್ಮನ್ ಪಟ್ಟಣದಲ್ಲಿ 1968ರಲ್ಲಿ ನಾರ್ಮನ್ ಗಿಬಾಟ್ ಎಂಬವರು ತಮ್ಮ ಸಣ್ಣ ಜಾಹೀರಾತು ಪತ್ರಿಕೆಯಲ್ಲಿ ಇಂಥ ಚೌಕವೊಂದನ್ನು ಪ್ರಕಟಿಸಿದರು. ಅಲ್ಲಿನ ಶಾಲೆಯ ಶಿಕ್ಷಕರು ಮಕ್ಕಳಿಗಾಗಿ ಅದರ ಪ್ರತಿಗಳನ್ನು ಕೇಳತೊಡಗಿದ ಮೇಲೆ ಆಟ ಹಬ್ಬಿತು. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಮನೆ ಎಂದರೆ ಮುಗಿಯಿತು. ನಮ್ಮಲ್ಲಿ ಅಕ್ಷರ ಎಂದರೇನು ಎಂಬುದನ್ನೇ ಮೊದಲು ಹೇಳಬೇಕಾಗುತ್ತದೆ.

ಅದನ್ನು ನನಗೆ ಹೇಳಿಕೊಟ್ಟವಳು ಅವ್ವ. ಅಡುಗೆಮನೆಯಲ್ಲಿ ಬೆಲ್ಲದ ಪಾಕ ಆರುವ ಮೊದಲೇ ಎಳ್ಳುಂಡಿ ಕಟ್ಟುತ್ತಿದ್ದವಳ ಬಳಿ ಹೋಗಿ, ಎಳ್ಳುಂಡಿಯಲ್ಲಿ ಎಷ್ಟು ಅಕ್ಷರ ಎಂದು ಕೇಳಿದೆ. ಅವಳು ಓದಿದ್ದು ನಾಲ್ಕನೆಯ ಇಯತ್ತೆ. ಕಾಗುಣಿತ ಮಾತ್ರ ಇಂದಿಗೂ ಬಾಯಿಪಾಠ. ಕೈಯಲ್ಲಿದ್ದ ಬಿಸಿ ಉಂಡಿಗಳನ್ನು ಒಂದೊಂದಾಗಿ ಪರಾತದಲ್ಲಿ ಇಡುತ್ತ, “ಎ... ಳ್ಳುಂ... ಡಿ. ಮೂರ ಅಕ್ಷರ ಐತಲ್ಲಪಾ” ಎಂದಳು. ತಂಬಿಟ್ಟು ಎಂದಾಗ ‘ತಂ, ಬಿ, ಟ್ಟು’ ಎಂದು ಮತ್ತೆ ಮೂರು ಉಂಡಿ ಇಟ್ಟಳು. ‘ಕುಬೇರನಿಗೇನಿರಬೇಕು’ ಎಂಬ ಮಾತನ್ನು ಹಿಂದುಮುಂದಾಗಿ ಓದಿ ಖುಷಿಪಡುವ ಕನ್ನಡದ ಮಕ್ಕಳೆಲ್ಲರೂ ಹೀಗೆಯೇ ಒಡೆಯುತ್ತಾರೆ. ‘ಬೇ’ಯನ್ನು ಬ ಮತ್ತು ಏ ಎಂದು ಯಾರೂ ಬಿಡಿಸುವುದಿಲ್ಲ. ನಮ್ಮ ಕಿವಿಗೆ ಗೊತ್ತಿರುವುದನ್ನು ಯಂತ್ರಕ್ಕೆ ತಿಳಿಸುವುದಷ್ಟೇ ನನ್ನ ಕೆಲಸವಾಗಿತ್ತು.

ಜಾಲತಾಣವನ್ನು ಬಿಟ್ಟು ಎಕ್ಸೆಲ್ ಹಾಳೆಯಲ್ಲಿ ಕುಳಿತೆ. ಸ್ವರ ಅಥವಾ ವ್ಯಂಜನದಿಂದ ಮನೆ ಆರಂಭವಾಗಬೇಕು. ಅದಕ್ಕೆ ಹತ್ತಿಕೊಂಡ ಗುಣಿತ, ಒತ್ತು, ಸೊನ್ನೆ ಎಲ್ಲವೂ ಅದೇ ಮನೆಯಲ್ಲಿ ಇರಬೇಕು. ಈ ನಿಯಮದಂತೆ ಹದಿನಾರು ಪದಗಳನ್ನು ಕೈಯಿಂದಲೇ ಒಡೆದು ಬರೆದೆ. ಸಜ್ಜೆರೊಟ್ಟಿಗೆ ನಾಲ್ಕು, ಗುರೆಳ್ಳಿಗೆ ಮೂರು, ಕೊಬ್ಬರಿಬಟ್ಟಲಿಗೆ ಆರು, ತವರುಮನೆಗೆ ಐದು. ದಾರ ಕಟ್ಟಿ ತಿರುಗಿಸುವ ಕೊಬ್ಬರಿ ಬಟ್ಟಲು ಆಟದ ಸಾಮಾನೆಂಬುದು ಮಕ್ಕಳಿಗೆ ತಿಳಿಯಲೆಂದೇ ಅದನ್ನು ಸೇರಿಸಿದ್ದೆ. ಒಟ್ಟು ಐವತ್ತೊಂಬತ್ತು ಅಕ್ಷರಗಳಾದವು. ಹನ್ನೆರಡು ಸಾಲು, ಹನ್ನೆರಡು ಕಂಬಗಳ ಚೌಕದಲ್ಲಿ ಉದ್ದ ಪದಗಳನ್ನು ಮೊದಲು ಕೂರಿಸಿ, ಗಿಡ್ಡವನ್ನು ಉಳಿದ ಜಾಗದಲ್ಲಿ ಅಡ್ಡ, ಉದ್ದ, ಓರೆಯಾಗಿ ಹೊಂದಿಸಿದೆ. ಇಂಗ್ಲಿಷ್ ಚೌಕಗಳಲ್ಲಿರುವಂತೆ ಪದಗಳನ್ನು ಹಿಮ್ಮುಖವಾಗಿ ಇಡಲಿಲ್ಲ. ‘ಲಿಕಾಜೋ’ ಎಂದು ಬರೆಯಲು ಅಡ್ಡಿಯಿಲ್ಲ. ಆದರೆ ಓದುವುದನ್ನು ಈಗಷ್ಟೇ ಕಲಿಯುತ್ತಿರುವ ಮಕ್ಕಳ ಕಣ್ಣಿಗೆ ಜೋಕಾಲಿ ಜೋಕಾಲಿಯಾಗಿಯೇ ಬೀಳಬೇಕೆಂಬುದು ನನ್ನ ಅಭಿಪ್ರಾಯ.

ಪದಗಳು ಒಂದನ್ನೊಂದು ಹಾಯುವುದು ಕನ್ನಡದಲ್ಲಿ ಎಷ್ಟು ಅಪರೂಪ ಎಂಬುದು ಆಗ ಅರಿವಾಯಿತು. ಜೋಕಾಲಿಯ ‘ಲಿ’ ಬಟ್ಟಲಿನ ‘ಲು’ವಿಗೆ ಹೊಂದುವುದಿಲ್ಲ, ವ್ಯಂಜನ ಒಂದೇ ಆದರೂ ಗುಣಿತ ಬೇರೆಯಾದರೆ ಬಾಗಿಲು ಮುಚ್ಚಿದಂತೆಯೇ. ಎಷ್ಟು ತಿರುಗಿಸಿ ನೋಡಿದರೂ ನಾಲ್ಕು ಕಡೆ ಮಾತ್ರ ಹಾಯಿಸಲು ಸಾಧ್ಯವಾಯಿತು: ಎಣ್ಣೆಗಾಯಿಗೂ ಶೇಂಗಾಚಟ್ನಿಗೂ ‘ಗಾ’, ಎಳ್ಳುಂಡಿಗೂ ಪುಂಡಿಪಲ್ಯಕ್ಕೂ ‘ಡಿ’, ನಾಗಪ್ಪನಿಗೂ ಹೂರಣಗಡಬಿಗೂ ‘ಗ’, ಶ್ರಾವಣಕ್ಕೂ ತವರುಮನೆಗೂ ‘ವ’. ಕೊನೆಯದು ಕೂಡಿಬಂದಾಗ ನನಗೆ ಆದ ಆನಂದವನ್ನು ಹೇಳಲಾರೆ; ಶ್ರಾವಣದ ನಡುವಿನ ಅಕ್ಷರವೇ ತವರಿನ ನಡುವಿನ ಅಕ್ಷರವೂ ಆಗಿತ್ತು. ಹೀಗೆ ಐವತ್ತೈದು ಮನೆಗಳು ತುಂಬಿ, ಎಂಬತ್ತೊಂಬತ್ತು ಖಾಲಿ ಉಳಿದವು.

ಖಾಲಿ ಮನೆಗಳನ್ನು ತುಂಬುವುದು ಕ್ಷಣದ ಕೆಲಸವೆಂದು ಭಾವಿಸಿದ್ದೆ. ವರ್ಣಮಾಲೆಯ ಅಕ್ಷರಗಳನ್ನು ಒಂದು ಕಂಬದಲ್ಲಿ ಬರೆದು, ಯಾದೃಚ್ಛಿಕವಾಗಿ ಆರಿಸುವ ಸೂತ್ರ ಹಾಕಿದೆ. ಚೌಕ ಒಮ್ಮೆಲೆ ತುಂಬಿತು. ಅಷ್ಟರಲ್ಲಿ ದೊಡ್ಡಕ್ಕ ಒಂದು ದಿನ ಮೊದಲೇ ಬಂದಿದ್ದಳು. ಹತ್ತು ವರ್ಷದ ಅವಳ ಮಗಳು ಪರದೆಯ ಮುಂದೆ ನಿಂತು ಎರಡು ನಿಮಿಷ ನೋಡಿ, “ಮಾಮಾ, ಒತ್ತು ಇದ್ದಲ್ಲೆಲ್ಲಾ ಪದಾ ಅದಾವ” ಎಂದು ಬೆರಳಿಟ್ಟು ತೋರಿಸತೊಡಗಿದಳು. ಅವಳು ಹೇಳಿದ್ದು ಸರಿಯಾಗಿತ್ತು. ತುಂಬಿದ ಮನೆಗಳಲ್ಲಿ ಕ, ಘ, ಙ, ಝ, ಞ ಎಂದು ಬೋಳು ಅಕ್ಷರಗಳೇ ಇದ್ದವು. ಅವುಗಳ ನಡುವೆ ‘ಳ್ಳುಂ’, ‘ಜ್ಜೆ’, ‘ಟ್ಟು’ಗಳು ಹೊಲದ ನಡುವಿನ ಮರಗಳ ಹಾಗೆ ಎದ್ದು ಕಾಣುತ್ತಿದ್ದವು. ಮಗು ಪದ ಓದುವ ಅಗತ್ಯವೇ ಇಲ್ಲದೆ ಆಟ ಗೆಲ್ಲಬಹುದಿತ್ತು. ಪದಗಳಲ್ಲಿ ಎಂಥ ಅಕ್ಷರಗಳಿವೆಯೋ ಅಂಥವೇ ಸುತ್ತಲೂ ಇದ್ದರೆ ಮಾತ್ರ ಪದ ಅಡಗುತ್ತದೆ. ಆದ್ದರಿಂದ ವರ್ಣಮಾಲೆಯನ್ನು ಅಳಿಸಿ, ಪದಗಳನ್ನು ಒಡೆದಾಗ ಬಂದ ಐವತ್ತೊಂಬತ್ತು ಅಕ್ಷರಗಳನ್ನೇ ಆ ಕಂಬದಲ್ಲಿ ಇಟ್ಟೆ. ಎರಡು ಪದಗಳಲ್ಲಿ ಬಂದ ‘ಟ್ಟು’ ಪಟ್ಟಿಯಲ್ಲಿಯೂ ಎರಡು ಸಲ ಇದ್ದುದರಿಂದ ಚೌಕದಲ್ಲಿಯೂ ಅದಕ್ಕೆ ಹೆಚ್ಚು ಪಾಲು ದೊರೆಯುವಂತಾಯಿತು. ಈಗ ಚೌಕ ನಿಜವಾದ ಕನ್ನಡದ ಪುಟದಂತೆ, ಕೊಂಬು, ದೀರ್ಘ, ಒತ್ತುಗಳಿಂದ ಮೈತುಂಬಿಕೊಂಡು ಕಂಡಿತು. ಸೋದರಸೊಸೆ ಈ ಸಲ ಹತ್ತು ನಿಮಿಷ ಹುಡುಕಿ ಐದು ಪದಗಳನ್ನಷ್ಟೇ ಹಿಡಿದಳು.

ರಾತ್ರಿ ಇನ್ನೊಂದು ತೊಂದರೆ ಎದುರಾಯಿತು. ತುಂಬಿದ ಅಕ್ಷರಗಳಲ್ಲಿ ಆಕಸ್ಮಿಕವಾಗಿ ಬೇರೆ ಪದ, ಅದರಲ್ಲಿಯೂ ಮಕ್ಕಳ ಮುಂದೆ ಇಡಬಾರದ ಪದ ಮೂಡಿದೆಯೇ ಎಂದು ಸಾಲುಸಾಲಾಗಿ ಓದಿ ಖಚಿತಪಡಿಸಿಕೊಂಡು, ಆಮೇಲೆ ಮೇಲ್ಗಡೆ ‘ಪಂಚಮಿ’ ಎಂದು ಶೀರ್ಷಿಕೆ ಬರೆದು ಮುದ್ರಿಸಿದೆ. ಕಾಗದ ಕೈಗೆ ಬಂದಾಗ ಅದರಲ್ಲಿ ನನ್ನ ಪಟ್ಟಿಯ ‘ಹುತ್ತ’ ಎರಡು ಕಡೆ ಇತ್ತು. ಯಾದೃಚ್ಛಿಕ ಸೂತ್ರದ ಗುಣವೇ ಹಾಗೆ: ಹಾಳೆಯಲ್ಲಿ ಎಲ್ಲಿ ಏನು ಬರೆದರೂ ಅದು ಮತ್ತೆ ಲೆಕ್ಕ ಹಾಕುತ್ತದೆ. ಶೀರ್ಷಿಕೆ ಬರೆದ ಕ್ಷಣದಲ್ಲಿ ನಾನು ಓದಿ ಒಪ್ಪಿದ್ದ ಎಂಬತ್ತೊಂಬತ್ತು ಮನೆಗಳೂ ಬದಲಾಗಿದ್ದವು. ಚೌಕವನ್ನು ನಕಲು ಮಾಡಿ, ಸೂತ್ರವಿಲ್ಲದೆ ಬರೀ ಮೌಲ್ಯಗಳನ್ನು ಅಂಟಿಸಿದ ಮೇಲೆಯೇ ಅದು ಸ್ಥಿರವಾಗುತ್ತದೆ. ಅಂಗಡಿಯ ಲೆಕ್ಕದಲ್ಲಿ ನಾನು ದಿನವೂ ಮಾಡುವ ಕೆಲಸವಿದು. ಆಟದ ಹುರುಪಿನಲ್ಲಿ ಮರೆತಿದ್ದೆ. ಎರಡಕ್ಷರದ ಪದ ಸುಲಭವಾಗಿ ತಾನಾಗಿಯೇ ಹುಟ್ಟಿಬಿಡುವುದರಿಂದ ಹುತ್ತವನ್ನು ಪಟ್ಟಿಯಿಂದ ತೆಗೆದು, ಹದಿನೈದು ಪದಗಳನ್ನು ಉಳಿಸಿಕೊಂಡೆ. ಸಾಲಿನ ಎತ್ತರವನ್ನೂ ಹೆಚ್ಚಿಸಬೇಕಾಯಿತು. ಇಲ್ಲವಾದರೆ ‘ಬ್ಬ’ದ ಒತ್ತು ಮನೆಯ ಕೆಳಗೆರೆಗೆ ಸಿಕ್ಕಿ ಅರ್ಧ ಕತ್ತರಿಸಿಹೋಗಿ ‘ಬ’ದಂತೆಯೇ ಕಾಣುತ್ತಿತ್ತು. ಹತ್ತು ಪ್ರತಿಗಳಾದಾಗ ರಾತ್ರಿ ಹನ್ನೊಂದು ದಾಟಿತ್ತು.

ಮರುದಿನ ರೊಟ್ಟಿ ಹಬ್ಬ. ಅಕ್ಕತಂಗಿಯರು ಸಜ್ಜೆರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿಗಳನ್ನು ಕಟ್ಟಿಕೊಂಡು ಓಣಿಯ ಮನೆಮನೆಗೆ ಕೊಡಲು ಹೊರಟಾಗ ಮಕ್ಕಳಿಗೆ ಕಾಗದ ಹಂಚಿದೆ. ಪಡಸಾಲೆಯಲ್ಲಿ ಐವರೂ ಹೊಟ್ಟೆಯಡಿಯಾಗಿ ಮಲಗಿ ಪೆನ್ಸಿಲ್ ಹಿಡಿದರು. ನನಗೆ ಹೆಚ್ಚು ಕಾಳಜಿ ಇದ್ದದ್ದು ಪುಣೆಯ ಹುಡುಗಿಯ ಬಗ್ಗೆ. ಅವಳು ಶಾಲೆಯಲ್ಲಿ ಮರಾಠಿ ಓದುವವಳು, ಕನ್ನಡವನ್ನು ಮನೆಯಲ್ಲಿ ತಾಯಿಯಿಂದ ಕಲಿತವಳು. ಆದರೆ ಒಂದು ಅಕ್ಷರಕ್ಕೆ ಒಂದು ಮನೆ ಎಂಬ ನಿಯಮವನ್ನು ಎಲ್ಲರಿಗಿಂತ ಮೊದಲು ಗ್ರಹಿಸಿದವಳು ಅವಳೇ. ದೇವನಾಗರಿಯಲ್ಲಿಯೂ ಜೋಡಕ್ಷರ ಒಂದೇ ಘಟಕವಲ್ಲವೇ? ಅವಳಿಗೆ ಹೊಸದಾಗಿದ್ದದ್ದು ಒತ್ತು ಕೆಳಗೆ ಇಳಿಯುವ ರೀತಿ ಮಾತ್ರ. ‘ಟ್ಟಿ’ ಮತ್ತು ‘ಟ್ನಿ’ಗಳ ನಡುವೆ ಬೆರಳಾಡಿಸುತ್ತ, ಕೆಳಗಿನ ಗುರುತನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, ಶೇಂಗಾಚಟ್ನಿಯನ್ನು ಓರೆಯಾಗಿ ಗೆರೆ ಎಳೆದು ಹಿಡಿದಳು. ಬೆಂಗಳೂರಿನ ಹುಡುಗ ಚಿಗಳಿ ಎಂದರೇನು ಎಂದು ಕೇಳಿದ. ಉತ್ತರ ಹೇಳುವ ಬದಲು ಅವ್ವ ಎಳ್ಳು ಬೆಲ್ಲ ಕುಟ್ಟಿದ ಉಂಡೆಯೊಂದನ್ನು ಅವನ ಅಂಗೈಗೆ ಹಾಕಿದಳು; ಅವನು ಅದನ್ನು ಬಾಯಲ್ಲಿಟ್ಟುಕೊಂಡೇ ಹುಡುಕಿದ.

ಊಟವಾದ ಮೇಲೆ ಮಕ್ಕಳು ಜೋಕಾಲಿಗೆ ಓಡಿದರು. ಪುಣೆಯ ಹುಡುಗಿ ಮಾತ್ರ ಉಳಿದು, ಒಂದು ಪ್ರತಿಯ ಹಿಂಬದಿಯಲ್ಲಿ ಸ್ಕೇಲ್ ಇಟ್ಟು ಐದೈದು ಮನೆಗಳ ಚೌಕ ಎಳೆದಳು. ತನ್ನ ಅಜ್ಜಿಗಾಗಿ ಎಂದಳು. ನಡುವಿನ ಸಾಲಿನಲ್ಲಿ ಗದಗ, ಬಲಬದಿಯಲ್ಲಿ ಮೇಲಿನಿಂದ ಕೆಳಕ್ಕೆ ತಂಬಿಟ್ಟು. ಉಳಿದ ಮನೆಗಳಿಗೆ ಅಕ್ಷರ ಬೇಕೆಂದಾಗ ನಾನು ಕಂಪ್ಯೂಟರಿನ ಕಡೆ ತಿರುಗಿದೆ. ಅವಳು ಬೇಡವೆಂದು ತಲೆಯಾಡಿಸಿ ಅಡುಗೆಮನೆಗೆ ಹೋದಳು. ಬಾಗಿಲಲ್ಲಿ ನಿಂತು ನೋಡಿದೆ. ಅವ್ವ ಹಾಗಲಕಾಯಿ ಹೆಚ್ಚುತ್ತ ಒಂದೊಂದೇ ಅಕ್ಷರ ಹೇಳುತ್ತಿದ್ದಳು, ‘ಳ್ಳಿ’, ‘ಬಿ’, ‘ಣ್ಣೆ’, ‘ಗು’. ಮೊಮ್ಮಗಳು ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು, ಪ್ರತಿ ಅಕ್ಷರವೂ ಗೆರೆ ದಾಟದಂತೆ ನಿಧಾನವಾಗಿ ಅದರ ಮನೆಯಲ್ಲಿ ಬರೆಯುತ್ತಿದ್ದಳು.