ಹತ್ತು ಚಕ್ರದ ಗಾಡಿಗೆ ಕಾರಿನ ದಾರಿ

ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಈಗ ರೂಟ್ ಹಾಕುವುದು ಸಾಫ್ಟ್‌ವೇರ್. ಅದು ಹಾಕಿದ ದಾರಿ ಬಿಟ್ಟರೆ ಕೆಂಪು ಅಲರ್ಟ್ ಬರುತ್ತದೆ, ಡ್ರೈವರ್ ಉತ್ತರ ಕೊಡಬೇಕು, ಒಮ್ಮೊಮ್ಮೆ ಬಾಟಾ (ಟ್ರಿಪ್ಪಿನ ಭತ್ಯೆ) ಕೂಡ ಕಟ್. ಕಳೆದ ಮಳೆಗಾಲದಲ್ಲಿ ನಡೆದದ್ದಕ್ಕೆ ಮೂಲ ಇದೇ. ನನಗೆ ಇವತ್ತಿಗೂ ಸಿಟ್ಟಿದೆ.

ಉಡುಪಿಯಿಂದ ಶಿವಮೊಗ್ಗಕ್ಕೆ ಲೋಡ್, ಹತ್ತು ಚಕ್ರದ ಗಾಡಿ. ಹೆಬ್ರಿ, ಸೋಮೇಶ್ವರ, ಆಗುಂಬೆ ಅಂತ ರೂಟ್ ಬಂತು. ದೂರ ಕಡಿಮೆ, ರಾಷ್ಟ್ರೀಯ ಹೆದ್ದಾರಿ 169ಎ ಕೂಡ ಹೌದು. ಆದರೆ ಆಗುಂಬೆಯ 14 ತಿರುವುಗಳಲ್ಲಿ ಭಾರಿ ಗಾಡಿ ತಿರುಗುವುದು ಕಷ್ಟ, ಬಿಡುವುದೂ ಇಲ್ಲ. ಹಳೇ ಡ್ರೈವರುಗಳು ಸಿದ್ದಾಪುರ, ಹೊಸಂಗಡಿ ಮೇಲೆ ಬಾಳೆಬರೆ ಘಾಟಿ ಹತ್ತುತ್ತಾರೆ. ಅಂದು ಹೋದವನು ಬಯಲುಸೀಮೆಯ ಹೊಸ ಹುಡುಗ. ಅಲರ್ಟಿಗೆ ಹೆದರಿ ಆಪ್ ಹೇಳಿದ ಹಾಗೇ ಹೋದ.

ರಾತ್ರಿ ಸೋಮೇಶ್ವರದಿಂದ ಫೋನ್ ಬಂತು. "ಸಾರ್, ಚೆಕ್‌ಪೋಸ್ಟಲ್ಲಿ ಬಿಡ್ತಿಲ್ಲ. ಮ್ಯಾಪು ಮುಂದೇನೇ ಹೋಗು ಅಂತಿದೆ." ಗಾಡಿ ತಿರುಗಿಸಿದರೂ ಅದು ಮತ್ತೆ ಘಾಟಿ ಕಡೆಗೇ ಎಳೆಯುತ್ತಿತ್ತು. ಗೋಡೆಯ ರಸ್ತೆ ನಕ್ಷೆ ಬಿಚ್ಚಿ ಮೇಜಿನ ಮೇಲೆ ಹಾಸಿದೆ. ಕೊಲ್ಲೂರು, ಬಾಳೆಬರೆ, ಆಗುಂಬೆ ಮೂರೂ ಒಂದೇ ನೋಟಕ್ಕೆ ಕಂಡವು. ಮಳೆ ಜಾಸ್ತಿಯಾದರೆ ಬಾಳೆಬರೆಯಲ್ಲೂ ತಡೆಯುತ್ತಾರೆ, ಅಂದು ತೆರೆದಿತ್ತು. "ಹೆಬ್ರಿಗೆ ವಾಪಸ್ ಬಾ. ಅಲ್ಲಿಂದ ಸಿದ್ದಾಪುರ, ಹೊಸಂಗಡಿ, ಘಾಟಿ ಹತ್ತಿದರೆ ಮಾಸ್ತಿಕಟ್ಟೆ. ಬರ್ಕೋ" ಅಂದೆ. ಊರಿನ ಹೆಸರು ಗೊತ್ತಿದ್ದರೆ ಟೀ ಅಂಗಡಿಯಲ್ಲಾದರೂ ಕೇಳಬಹುದು, ಅಲ್ವಾ?

ಹೊಸಂಗಡಿ ದಾಟಿದ ಮೇಲೆ ಸ್ಕ್ರೀನಿನ ಚುಕ್ಕೆ ನಿಂತುಬಿಟ್ಟಿತು. ಫೋನೂ ಹೋಗಲಿಲ್ಲ. ಗಾಡಿ ಚರಂಡಿಗೆ ಇಳಿದಿದೆ ಅಂತಲೇ ಅಂದುಕೊಂಡೆ. ಮಾಲೀಕರನ್ನು ಎಬ್ಬಿಸಬೇಕಾ, ಕ್ರೇನಿಗೆ ಹೇಳಬೇಕಾ? ಮೊಬೈಲ್ ಕೈಯಲ್ಲಿ ಹಿಡಿದು ಆ ಚುಕ್ಕೆಯನ್ನೇ ನೋಡುತ್ತಾ ಕೂತೆ. ಟ್ರ್ಯಾಕರಿಗೆ ತಾನೆಲ್ಲಿದ್ದೇನೆ ಅಂತ ಹೇಳುವುದು ಉಪಗ್ರಹ, ಅದಕ್ಕೆ ನೆಟ್‌ವರ್ಕ್ ಬೇಡ. ಅದನ್ನು ಆಫೀಸಿಗೆ ಕಳಿಸಲು ಮಾತ್ರ ಸಿಮ್ ಬೇಕು. ಕಾಡಿನಲ್ಲಿ ಸಿಗ್ನಲ್ ಇರಲಿಲ್ಲ, ಅಷ್ಟೇ. ಇದು ಗೊತ್ತಿದ್ದ ವಿಷಯವೇ. ಆ ಹೊತ್ತಿನಲ್ಲಿ ಮನಸ್ಸು ಒಪ್ಪಲಿಲ್ಲ. ಮಾಸ್ತಿಕಟ್ಟೆ ಹತ್ತಿರ ಚುಕ್ಕೆ ಜಿಗಿಯಿತು, ಹಿಂದೆಯೇ ಹುಡುಗನ ಫೋನ್ ಬಂತು.

ಹಾಗಂತ ಕಾಗದವನ್ನೂ ಕಣ್ಣುಮುಚ್ಚಿ ನಂಬಬೇಡಿ. ನಮ್ಮ ಗೋಡೆಯ ನಕ್ಷೆಯಲ್ಲಿ ಶಿರಾಡಿ ಘಾಟಿಯ ಹೆದ್ದಾರಿ ಇನ್ನೂ 48. 2010ರಲ್ಲಿ ನಂಬರ್ ಬದಲಾಗಿ ಅದು 75 ಆಯಿತು. ಈಗ 48 ಅಂದರೆ ತುಮಕೂರು, ಹುಬ್ಬಳ್ಳಿ ಮೇಲೆ ಪುಣೆಗೆ ಹೋಗುವ ರಸ್ತೆ. ಸಿಟಿಯೊಳಗೆ ಗೋಡೌನ್ ಹುಡುಕಲಂತೂ ಆಪೇ ಬೇಕು. ಯಾವ ಘಾಟಿ ಅನ್ನುವುದನ್ನು ಮಾತ್ರ ಗಾಡಿ ಹೊರಡುವ ಮುಂಚೆ ಮನುಷ್ಯರೇ ತೀರ್ಮಾನಿಸಬೇಕು.

ಆ ಟ್ರಿಪ್ಪಿಗೂ ಹುಡುಗನ ಹೆಸರಿಗೆ ದಾರಿ ಬಿಟ್ಟಿದ್ದಕ್ಕೆ ಡೀವಿಯೇಷನ್ ನೋಟಿಸ್ ಬಂತು. ನಾನು ಸಹಿ ಹಾಕಲಿಲ್ಲ. ರೂಟ್ ಹಾಕುವಾಗ ಗಾಡಿಯ ಚಕ್ರ, ಟನ್ ಕೇಳುವ ಹಾಗೆ ಮಾಡಿ ಅಂತ ಮ್ಯಾನೇಜ್‌ಮೆಂಟಿಗೆ ಮೇಲ್ ಹಾಕಿದ್ದೇನೆ. ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಟ್ರಿಪ್ ಶೀಟಿನ ಹಿಂದೆ ಊರುಗಳನ್ನು ಸಾಲಾಗಿ ಬರೆದು ಕೊಡುತ್ತೇನೆ. ಬಾಳೆಬರೆ ದಾರಿಗೆ ಬರುವ ಅಲರ್ಟುಗಳನ್ನು ನಾನೇ ಕ್ಲೋಸ್ ಮಾಡುತ್ತೇನೆ, ಡ್ರೈವರನ್ನು ಕೇಳುವುದಿಲ್ಲ.