ನಳಿಕೆಯ ಗೋಡೆ ಎಣಿಸುವ ದಿನ

ಫೆರೊಸೀನ್ ಕಾಯಿಸಿ ಬೆಳೆಸಿದ ಬಹುಗೋಡೆ ಇಂಗಾಲದ ನ್ಯಾನೊನಳಿಕೆಗಳನ್ನು (ಒಂದರೊಳಗೊಂದು ಕೂತ ಅತಿಸಣ್ಣ ಕೊಳವೆಗಳು) ಟಿಇಎಂನಲ್ಲಿ, ಅಂದರೆ ಎಲೆಕ್ಟ್ರಾನ್‌ಗಳನ್ನು ಮಾದರಿಯ ಮೂಲಕ ಹಾಯಿಸುವ ಸೂಕ್ಷ್ಮದರ್ಶಕದಲ್ಲಿ, ನೋಡುವ ದಿನದ ಅರ್ಧ ಕೆಲಸ ಹಿಂದಿನ ಸಂಜೆಯೇ ಮುಗಿದಿರಬೇಕು. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 1990ರ ದಶಕದಲ್ಲೇ ಹಿಡಿದ ದಾರಿ ಇದು: ಇಂಗಾಲವೂ ವೇಗವರ್ಧಕ ಕಬ್ಬಿಣವೂ ಒಂದೇ ಅಣುವಿನಲ್ಲಿ ಸಿಗುತ್ತವೆ. ನಳಿಕೆಯೊಳಗೆ ಕಾಣುವ ಕಡುಕಪ್ಪು ತುಣುಕುಗಳು ಆ ಕಬ್ಬಿಣದವೇ.

ಚಿಟಿಕೆಗೂ ಕಡಿಮೆ ಪುಡಿಯನ್ನು 2-3 ಮಿ.ಲೀ. ಐಸೊಪ್ರೊಪನಾಲ್‌ಗೆ ಹಾಕಿ, ಶ್ರವಣಾತೀತ ತರಂಗಗಳಿಂದ ಅಲುಗಿಸುವ ಬಾತ್ ಸೋನಿಕೇಟರ್‌ನಲ್ಲಿ ಸುಮಾರು 10 ನಿಮಿಷ ಇಟ್ಟರೆ ಸಾಕು. ದ್ರವ ತಿಳಿಬೂದು ಬಣ್ಣಕ್ಕಿರಲಿ. ಕಪ್ಪಗಿದ್ದರೆ ಗ್ರಿಡ್ (ಮಾದರಿ ಇಡುವ ಪುಟ್ಟ ಜಾಲರಿ) ಮೇಲೆ ಬರೀ ಗಂಟು. ಹೆಚ್ಚು ಹೊತ್ತು ಅಲುಗಿಸಿದರೆ ನಳಿಕೆಗಳು ತುಂಡಾಗಿ, ಆಮೇಲೆ ಅಳೆದ ಉದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. 3 ಮಿ.ಮೀ. ತಾಮ್ರದ ಗ್ರಿಡ್‌ಗೆ ಒಂದು ಹನಿ, ಆಮೇಲೆ ರಾತ್ರಿಯಿಡೀ ನಿರ್ವಾತದಲ್ಲಿ. ಗ್ರಿಡ್ ಮೇಲಿನ ತೆಳು ಪದರ ತೂತುತೂತಾದ ಲೇಸಿ ಕಾರ್ಬನ್‌ನದೇ ಆಗಬೇಕು. ಆ ಪದರವೂ ಇಂಗಾಲವೇ ಆದ್ದರಿಂದ ಪದರದ ಮೇಲೆ ಮಲಗಿದ ನಳಿಕೆಯ ಗೆರೆಗಳು (ಚಿತ್ರದಲ್ಲಿ ಒಂದೊಂದು ಗೋಡೆಯೂ ಒಂದು ಗೆರೆ) ಹಿನ್ನೆಲೆಯ ಚುಕ್ಕೆಚುಕ್ಕೆ ಚಿತ್ರದಲ್ಲಿ ಕಲಸಿಹೋಗುತ್ತವೆ. ತೂತಿನ ಮೇಲೆ ಅಡ್ಡ ಚಾಚಿಕೊಂಡ ನಳಿಕೆಯನ್ನೇ ಹುಡುಕಬೇಕು. ಗ್ರಿಡ್ ಶುಚಿಮಾಡಲು ಆಮ್ಲಜನಕದ ಪ್ಲಾಸ್ಮಾ ಬೇಡ, ಮಾದರಿಯನ್ನೇ ಸುಟ್ಟುಬಿಡುತ್ತದೆ.

ಎಲೆಕ್ಟ್ರಾನ್‌ಗಳನ್ನು ಓಡಿಸುವ ವೋಲ್ಟೇಜ್ 80 ಕೆವಿ (ಕಿಲೊವೋಲ್ಟ್). 200ರಲ್ಲಿ ಚಿತ್ರ ಚೂಪಾಗುತ್ತದೆ, ನಿಜ. ಆದರೆ ಸುಮಾರು 86 ಕೆವಿ ದಾಟಿದರೆ ಎಲೆಕ್ಟ್ರಾನ್‌ಗಳು ಇಂಗಾಲದ ಪರಮಾಣುಗಳನ್ನು ಜಾಲದಿಂದಲೇ ಹೊಡೆದು ಹಾರಿಸುತ್ತವೆ. ನೋಡನೋಡುತ್ತಿದ್ದಂತೆ ನೇರ ಗೋಡೆಗಳು ಸೊಟ್ಟಗಾಗಿ, ಕೊನೆಗೆ ಅಸ್ತವ್ಯಸ್ತ ಇಂಗಾಲ. ಆ ದೋಷಗಳನ್ನು ಮಾದರಿಯವೆಂದು ವರದಿ ಮಾಡುವುದು ಈ ಕೆಲಸದ ಅತಿ ಕೆಟ್ಟ ತಪ್ಪು. 80ರಲ್ಲೂ ತುದಿಗಳು, ಮೊದಲೇ ದೋಷವಿದ್ದ ಜಾಗಗಳು ಸವೆಯುತ್ತವೆ. ಆದ್ದರಿಂದ ಫೋಕಸ್, ಆಸ್ಟಿಗ್ಮಾಟಿಸಂ (ಒಂದೊಂದು ದಿಕ್ಕಿಗೆ ಒಂದೊಂದು ಫೋಕಸ್ ಆಗುವ ದೋಷ) ಎರಡನ್ನೂ ಪಕ್ಕದ ಪದರದ ಮೇಲೆ ಸರಿಮಾಡಿಕೊಂಡು, ಎಫ್‌ಎಫ್‌ಟಿಯ (ಚಿತ್ರದಿಂದ ಗಣಕ ಲೆಕ್ಕಹಾಕಿ ತೋರಿಸುವ ಆವರ್ತನ ಚಿತ್ರ) ಉಂಗುರಗಳು ದುಂಡಗಾದ ಮೇಲೆ ನಳಿಕೆಗೆ ಬಂದು ತಕ್ಷಣ ಚಿತ್ರ ತೆಗೆಯಬೇಕು.

ಗೋಡೆಯ ಹೊರಮೈ ಕ್ಷಣಕ್ಷಣಕ್ಕೂ ದಪ್ಪವಾಗುತ್ತಿದ್ದರೆ ಅದು ಜಿಡ್ಡು. ಮೇಲ್ಮೈಯ ಹೈಡ್ರೊಕಾರ್ಬನ್ ಎಲೆಕ್ಟ್ರಾನ್ ಬೀಮಿನ ಕೆಳಗೆ ಒಡೆದು ಕೂರುತ್ತದೆ, ಅದೂ ಇಂಗಾಲವಾಗಿಯೇ. ಆವಿಗಳನ್ನು ತಣಿಸಿ ಹಿಡಿಯುವ ಕೋಲ್ಡ್ ಟ್ರ್ಯಾಪ್‌ಗೆ ದ್ರವ ಸಾರಜನಕ ತುಂಬಿ, ಕಡಿಮೆ ವರ್ಧನೆಯಲ್ಲಿ ಬೀಮನ್ನು ಅಗಲವಾಗಿ ಹರಡಿ 10-15 ನಿಮಿಷ ಬಿಟ್ಟರೆ ಬಹಳಷ್ಟು ತಗ್ಗುತ್ತದೆ.

ಇನ್ನು ಎಣಿಕೆ. ಟೊಳ್ಳಿನ ಎರಡೂ ಬದಿಯಲ್ಲಿ ಗೆರೆಗಳ ಸಂಖ್ಯೆ ಒಂದೇ ಇರಬೇಕು. 1991ರಲ್ಲಿ ಜಪಾನಿನ ವಿಜ್ಞಾನಿ ಸುಮಿಯೊ ಇಜಿಮಾ ವರ್ಣಿಸಿದ ನಳಿಕೆಗಳಲ್ಲಿ 2ರಿಂದ ಸುಮಾರು 50 ಪದರಗಳಿದ್ದವು. ಗೆರೆಗಳು ಅಕ್ಷಕ್ಕೆ ಓರೆಯಾಗಿದ್ದರೆ ಅದು ನಳಿಕೆಯಲ್ಲ, ನಾರು. ಫೋಕಸ್ ಜಾರಿದರೆ ಅಂಚಿನಲ್ಲಿ ಫ್ರೆನೆಲ್ ಪಟ್ಟಿಯೊಂದು (ಎಲೆಕ್ಟ್ರಾನ್ ಅಲೆಗಳು ಬೆರೆತು ಮೂಡುವ ಗೆರೆ) ಸೇರಿಕೊಂಡು ಇಲ್ಲದ ಗೋಡೆಯಂತೆ ಕಾಣುತ್ತದೆ, ಹಾಗಾಗಿ ಫೋಕಸ್ ಬದಲಿಸಿ ಮೂರ್ನಾಲ್ಕು ಚಿತ್ರ ತೆಗೆದು ಹೋಲಿಸುವುದೇ ಕ್ಷೇಮ. ಗೋಡೆಗಳ ಅಂತರ ಸುಮಾರು 0.34 ನ್ಯಾ.ಮೀ. ಒಂದೇ ಅಂತರವನ್ನು ಅಳೆಯಬೇಡಿ. 10 ಗೆರೆಗಳ ಅಗಲ ಅಳೆದು 9ರಿಂದ ಭಾಗಿಸಿ. ಸ್ಕೇಲನ್ನು ಚಿನ್ನದ ಪರಮಾಣು ಪದರಗಳ 0.2355 ನ್ಯಾ.ಮೀ. ಅಂತರದ ಗೆರೆಗಳ ಮೇಲೆ, ಅದೇ ವರ್ಧನೆಯಲ್ಲಿ ತಾಳೆ ನೋಡಿ.